ತೊಂಬತ್ತನೆಯ ದಿನ ಅಮಾವಾಸ್ಯೆ

ಕರಾರಿನಲ್ಲಿ ‘ತೊಂಬತ್ತು ದಿನ’ ಎಂದು ಬರೆದವಳು ನಾನೇ. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ನನ್ನ ಕಂಪ್ಯೂಟರಿನಲ್ಲಿ ಬಹಳ ವರ್ಷಗಳಿಂದ ಒಂದು ಮಾದರಿ ಕರಾರು ಬಿದ್ದುಕೊಂಡಿತ್ತು. ಹೆಸರು, ವಿಳಾಸ, ಚೆಕ್ಕುಬಂದಿ ಬದಲಾಯಿಸಿದರೆ ಹೊಸದೊಂದು ಸಿದ್ಧ. ಅದರ ಏಳನೆಯ ಕಲಮು ಹೀಗಿತ್ತು: ಇಂದಿನಿಂದ ತೊಂಬತ್ತು ದಿನಗಳೊಳಗೆ ಕ್ರಯಪತ್ರ ನೋಂದಣಿಯಾಗತಕ್ಕದ್ದು, ಈ ಅವಧಿಯೇ ಕರಾರಿನ ಜೀವಾಳ, ತಪ್ಪಿದಲ್ಲಿ ಕರಾರು ರದ್ದಾಗಿ ಮುಂಗಡ ಮುಟ್ಟುಗೋಲಾಗತಕ್ಕದ್ದು. ಆ ಕಲಮನ್ನು ನಾನು ಕೊನೆಯ ಸಲ ಮನಸ್ಸಿಟ್ಟು ಓದಿದ್ದು ಯಾವಾಗಲೋ ನೆನಪಿಲ್ಲ.

ನಾನು ಚೆನ್ನೈನಲ್ಲಿ ವಕೀಲೆ. ನುಂಗಂಬಾಕ್ಕಂನ ಒಂದು ಹಳೆಯ ಮನೆಯ ಮಹಡಿಯಲ್ಲಿ ನನ್ನ ಕಚೇರಿ. ಕೋರ್ಟಿಗೆ ಹೋಗುವುದು ಕಡಿಮೆ. ಆಸ್ತಿಯ ಪತ್ರಗಳನ್ನು ಪರಿಶೀಲಿಸುವುದು, ಬರೆಯುವುದು, ನೋಂದಣಿ ಮಾಡಿಸುವುದೇ ಹೆಚ್ಚು. ಊರಿನ ಕನ್ನಡದವರು ಒಬ್ಬರಿಂದೊಬ್ಬರಿಗೆ ಹೇಳಿಕೊಂಡು ನನ್ನ ಹತ್ತಿರ ಬರುತ್ತಾರೆ. ಹಾಗೆ ಒಂದು ಏಪ್ರಿಲ್ ಕೊನೆಯಲ್ಲಿ ಬಂದವಳು ಈಕೆ.

ಗದಗ ಕಡೆಯಿಂದ ಬಂದು ಇಲ್ಲಿ ಜವಳಿ ವ್ಯಾಪಾರ ಮಾಡಿದ ಶೈವ ಮನೆತನದ ಹೆಣ್ಣು. ಪುರಸೈವಾಕ್ಕಂನ ಅಂಗಡಿ ಬೀದಿಯ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ರವಿಕೆ ಹೊಲಿಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು, ಹಿಂದಿನ ಹಜಾರದಲ್ಲಿ ಒಂಬತ್ತು ಹೊಲಿಗೆ ಯಂತ್ರ, ಒಂಬತ್ತು ಹೆಂಗಸರು. ಬೀದಿಯಲ್ಲಿ ರೇಷ್ಮೆ ಕೊಂಡವರು ಹತ್ತು ಹೆಜ್ಜೆ ನಡೆದು ಈಕೆಯ ಹತ್ತಿರ ಅಳತೆ ಕೊಟ್ಟು ಹೋಗುತ್ತಾರೆ. ಆ ಗಲ್ಲಿ ತಪ್ಪಿದರೆ ಈಕೆಯ ಕೆಲಸವೂ ತಪ್ಪಿದ ಹಾಗೆಯೇ. ಆ ಬಾಡಿಗೆ ಮನೆಯ ಯಜಮಾನರು ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಅಲ್ಲೇ ಹತ್ತಿರ ಮನೆ ಮಾಡಿಕೊಂಡಿದ್ದ ತಮಿಳರು. ತಾಯಿಯಿಂದ ಬಂದ ಈ ಮನೆಯನ್ನು ಮಾರುತ್ತೇನೆಂದು ಮೊದಲು ಹೇಳಿದ್ದು ಈಕೆಗೇ.

ನಾನು ಕಾನೂನು ಓದಿದ್ದು ಇಂಗ್ಲಿಷಿನಲ್ಲಿ, ದಿನವೂ ಬಳಸುವುದು ತಮಿಳಿನಲ್ಲಿ. ಆಕೆಗೆ ಕರಾರನ್ನು ಕನ್ನಡದಲ್ಲೇ ವಿವರಿಸಬೇಕಿತ್ತು. ಪ್ರಸ್ತಾವ, ಸ್ವೀಕಾರ, ಪ್ರತಿಫಲ, ಮುಕ್ತ ಸಮ್ಮತಿ ಎಂದು ನಿಘಂಟು ನೋಡಿ ಬರೆದಿಟ್ಟುಕೊಂಡಿದ್ದನ್ನು ಒಪ್ಪಿಸಿದೆ. ಅವರು ಕೊಡುತ್ತೇನೆ ಅಂದದ್ದು ಪ್ರಸ್ತಾವ, ನೀವು ಹೂಂ ಅಂದದ್ದು ಸ್ವೀಕಾರ, ಇಬ್ಬರೂ ಒಂದೇ ವಸ್ತುವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು, ಹೆದರಿಸಿ ಮೋಸ ಮಾಡಿ ಒಪ್ಪಿಸಿರಬಾರದು, ಇತ್ಯಾದಿ.

ಆಕೆ ನಕ್ಕಳು. “ಇದಕ್ಕೆಲ್ಲಾ ಹೆಸರು ಅದಾವೇನ್ರಿ ಅಕ್ಕಾರ? ನಾವು ದಿನಾ ಇದನ್ನ ಮಾಡ್ತೀವಲ್ರಿ.”

ಏಳನೆಯ ಕಲಮಿಗೆ ಬಂದಾಗ ಮಾತ್ರ ನಿಲ್ಲಿಸಿದಳು. ಅವಧಿಯೇ ಜೀವಾಳ ಅಂದರೇನು ಎಂದು ಕೇಳಿದಳು. ನಾನು ಹೇಳುವ ಮೊದಲೇ ತಾನೇ ಒಂದು ಲೆಕ್ಕ ಹಾಕಿಕೊಂಡಳು. “ಮದುವಿ ರವಿಕಿ ಇದ್ದಂಗ ಅನ್ರಿ. ಮುಹೂರ್ತ ಮುಗದ ಮ್ಯಾಲೆ ಕೊಟ್ರ ಅದನ್ನ ಏನ್ ಮಾಡೂದು? ದಿನಾ ಉಡೂ ರವಿಕಿ ಆದ್ರ ಒಂದ್ ದಿನ ಹೆಚ್ಚುಕಮ್ಮಿ ನಡೀತೈತಿ. ಮನಿ ಯಾವ ರವಿಕಿ ರೀ ಹಂಗಾದ್ರ?”

ನಾನು ಮೂವತ್ತು ವರ್ಷದಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಅದೊಂದು. ನಾನು ಕೊಟ್ಟ ಉತ್ತರ ಅಷ್ಟು ಒಳ್ಳೆಯದಾಗಿರಲಿಲ್ಲ. “ಸ್ಥಿರಾಸ್ತಿ ಅಂದ್ರೆ ದಿನಾ ಉಡೋ ರವಿಕೆ ಥರಾನೇ. ಗಡುವು ಸ್ವಲ್ಪ ದಾಟಿದ್ರೂ ಕೋರ್ಟು ಸುಲಭಕ್ಕೆ ಕರಾರು ಮುರಿಯಲ್ಲ, ಚಿಂತೆ ಮಾಡಬೇಡಿ” ಎಂದೆ. ಅದು ಸುಳ್ಳಲ್ಲ, ಅರ್ಧ ನಿಜ. ಗಡುವೇ ಮುಖ್ಯ ಎಂದು ಇಬ್ಬರೂ ಸ್ಪಷ್ಟವಾಗಿ ಬರೆದುಕೊಂಡಿದ್ದರೆ ವಾದಕ್ಕೆ ದಾರಿ ತೆರೆಯುತ್ತದೆ ಎಂಬ ಇನ್ನರ್ಧವನ್ನು ನಾನು ಹೇಳಲಿಲ್ಲ.

ಕರಾರಿಗೆ ಇಬ್ಬರೂ ಸಹಿ ಹಾಕಿದರು. ಇಲ್ಲಿಯ ನಿಯಮದಂತೆ ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು. ಹಾಗಾಗಿ ಆ ಮನೆಯ ಇ.ಸಿ.ಯಲ್ಲಿ, ಅಂದರೆ ಆಸ್ತಿಯ ಮೇಲೆ ಯಾರ ಹಕ್ಕು, ಯಾವ ಋಣ ಇದೆ ಎಂದು ತೋರಿಸುವ ಸರ್ಕಾರಿ ಪಟ್ಟಿಯಲ್ಲಿ, ಈಕೆಯ ಹೆಸರು ಬಂತು. ಈ ವಿಷಯ ಮುಂದೆ ಬರುತ್ತದೆ.

ನಂತರದ ಎರಡು ತಿಂಗಳು ಮಾಮೂಲು ಓಡಾಟ. ಪಟ್ಟಾ, ಅಂದರೆ ನಮ್ಮ ಕಡೆಯ ಖಾತೆಯಂಥ ದಾಖಲೆ, ಇನ್ನೂ ಯಜಮಾನರ ತಾಯಿಯ ಹೆಸರಿನಲ್ಲಿತ್ತು. ಅದನ್ನು ಅವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ತಾಲೂಕು ಕಚೇರಿಯವರು ಎರಡು ಸಲ ಅರ್ಜಿ ವಾಪಸು ಕಳಿಸಿದರು. ಪಟ್ಟಾ ಬಾರದೆ ಬ್ಯಾಂಕು ಸಾಲ ಮಂಜೂರು ಮಾಡುವುದಿಲ್ಲ. ಎಲ್ಲ ಕೈಗೆ ಸಿಗುವಾಗ ಜೂನ್ ಕೊನೆ. ಆಕೆ ಫೋನ್ ಮಾಡಿದಳು.

“ಅಕ್ಕಾರ, ಎಲ್ಲಾ ತಯಾರಾತು. ಆದ್ರ ಇನ್ನ ಎರಡ್ ದಿನಕ್ಕ ಆಷಾಢ ಹತ್ತತೈತ್ರಿ. ಶ್ರಾವಣದಾಗ ಮಾಡೂಣೇನ್ರಿ?”

ನಾನು ಯಜಮಾನರಿಗೆ ಫೋನ್ ಮಾಡಿದೆ. ಅವರು ಧಾರಾಳವಾಗಿ ಒಪ್ಪಿದರು. ಶ್ರಾವಣ ಹುಟ್ಟುವಾಗ ತಮಗೆ ಆಡಿ ತಿಂಗಳು ನಡೆಯುತ್ತಿರುತ್ತದೆ, ಅದೂ ಮುಗಿಯಲಿ ಎಂದು ಅವರೇ ಸೇರಿಸಿದರು. “ಆಡಿ ಮಾಸತ್ತುಲ ಯಾರಾವದು ರಿಜಿಸ್ಟ್ರೇಷನ್ ಪಣ್ಣುವಾಂಗಳಾ? ಆವಣಿಲ ಪಾತ್ತುಕ್ಕಲಾಂ ಮೇಡಂ.” ಆಡಿಯಲ್ಲಿ ಯಾರು ನೋಂದಣಿ ಮಾಡಿಸುತ್ತಾರೆ, ಮುಂದಿನ ತಿಂಗಳು ಆವಣಿಯಲ್ಲಿ ನೋಡೋಣ ಎಂದರು. ನಾನೂ ಸರಿ ಎಂದೆ.

ನಮ್ಮ ಆಷಾಢ ಚಂದ್ರನನ್ನು ಹಿಡಿದು ನಡೆಯುತ್ತದೆ, ಅವರ ಆಡಿ ಸೂರ್ಯನನ್ನು. ಆ ವರ್ಷ ನಮ್ಮದು ಅರ್ಧ ದಾಟಿದ ಮೇಲೆ ಅವರದು ಶುರುವಾಗಿ, ನಮ್ಮದು ಮುಗಿದ ಮೇಲೂ ಎರಡು ವಾರಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಎರಡು ಮನೆಗಳ ಒಲ್ಲದ ದಿನಗಳನ್ನು ಕೂಡಿಸಿದರೆ ಒಂದೂವರೆ ತಿಂಗಳು. ನನ್ನ ತೊಂಬತ್ತು ದಿನ ಅದರ ನಡುವೆಯೇ ಮುಗಿಯುತ್ತದೆ. ಕಚೇರಿಯ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರೂ ಇತ್ತು, ಪಕ್ಕದಲ್ಲೇ ಕನ್ನಡ ಪಂಚಾಂಗವೂ ತೂಗುತ್ತಿತ್ತು. ಎರಡನ್ನೂ ನೋಡಿಕೊಂಡು ಬೆಳೆದವಳು ನಾನು. ಗಡುವನ್ನು ಮುಂದೂಡುವ ಅರ್ಧ ಪುಟದ ಪತ್ರ ಬರೆದು, ಇಬ್ಬರ ಸಹಿ ಹಾಕಿಸಿ, ನೋಂದಣಿ ಮಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಇಬ್ಬರೂ ಬಾಯಿ ಮಾತಿನಲ್ಲಿ ಇಷ್ಟು ಸಲೀಸಾಗಿ ಒಪ್ಪಿರುವಾಗ ಎಣ್ಣೂರಿನಿಂದ ಹಿರಿಯರನ್ನು ಕರೆಸುವುದು ಯಾಕೆ ಎಂದುಕೊಂಡು ಸುಮ್ಮನಾದೆ.

ಜುಲೈ ಮೂರನೆಯ ವಾರ ಆಕೆ ರಿಜಿಸ್ಟರ್ಡ್ ಅಂಚೆಯ ಲಕೋಟೆ ಹಿಡಿದುಕೊಂಡು ಬಂದಳು. ಯಜಮಾನರ ಪರವಾಗಿ ಬೇರೊಬ್ಬ ವಕೀಲರ ನೋಟಿಸು. ಕರಾರಿನ ಏಳನೆಯ ಕಲಮನ್ನು ಅಕ್ಷರಶಃ ಎತ್ತಿ ಬರೆದಿದ್ದರು. ತೊಂಬತ್ತನೆಯ ದಿನ ಇಂಥದ್ದು, ಅಂದು ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಕಕ್ಷಿದಾರರು ನೋಂದಣಿ ಕಚೇರಿಯಲ್ಲಿ ಇರುತ್ತಾರೆ, ತಾವು ಬಾರದಿದ್ದಲ್ಲಿ ಕರಾರು ಅಲ್ಲಿಗೇ ಮುಗಿದಂತೆ, ಒಂದು ತಿಂಗಳಲ್ಲಿ ಮನೆ ಖಾಲಿ ಮಾಡತಕ್ಕದ್ದು.

ನಾನು ಎದ್ದು ಹೋಗಿ ಗೋಡೆಯ ಮೇಲಿನ ಪಂಚಾಂಗ ನೋಡಿದೆ. ತೊಂಬತ್ತನೆಯ ದಿನ ಆಷಾಢದ ಅಮಾವಾಸ್ಯೆ.

ಪಕ್ಕದ ತಮಿಳು ಕ್ಯಾಲೆಂಡರಿನಲ್ಲಿ ಅದೇ ದಿನ ಆಡಿ ಅಮಾವಾಸ್ಯೆ. ಇಲ್ಲೊಂದು ಸೂಕ್ಷ್ಮವಿದೆ. ತಮಿಳರಿಗೆ ಅಮಾವಾಸ್ಯೆ ಒಳ್ಳೆಯ ದಿನ. ಆಡಿಯಲ್ಲಿ ಬೇಡ ಎನ್ನುವವರೂ ಅಮಾವಾಸ್ಯೆಯನ್ನು ತುಂಬಿದ ದಿನವೆಂದು ಎಣಿಸಿ ಅಂದು ಹೊಸ ಕೆಲಸಕ್ಕೆ ಕೈ ಹಾಕುತ್ತಾರೆ. ನಮ್ಮವರಿಗೆ ಮೊದಲೇ ಆಷಾಢ, ಅದರ ಮೇಲೆ ಅಮಾವಾಸ್ಯೆ. ಈಕೆಯಂತೂ ಅಮಾವಾಸ್ಯೆಯ ದಿನ ಹೊಸ ಬಟ್ಟೆಗೆ ಕತ್ತರಿ ಹಾಕದವಳು. ಇಪ್ಪತ್ತೆರಡು ವರ್ಷ ಆ ದಿನ ಒಂಬತ್ತು ಯಂತ್ರಕ್ಕೂ ರಜೆ ಎಂಬುದು ಗಲ್ಲಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರೇ ಈ ನೋಟಿಸು ಬರೆಸಿದ್ದರು.

“ಯಜಮಾನ್ರ ಅಳಿಯಂದ್ರಿ ಈ ಕೆಲಸಾ” ಎಂದಳು ಆಕೆ. “ಹೋದ ವಾರ ಗಲ್ಲಿಗೆ ಬಿಲ್ಡರ್ ಒಬ್ಬಾಂವ ಟೇಪ್ ಹಿಡಕೊಂಡ ಬಂದಿದ್ದ. ಮಗ್ಗಲ ಮನಿ, ನಮ್ಮನಿ ಎರಡೂ ಕೂಡಿಸಿ ಕಟ್ಟತಾನಂತ. ಅಳಿಯಾ ಅವನ ಸಂಗಾಟಾನ ಇದ್ದ.”

ಆಗ ನನಗೆ ಪೂರ್ತಿ ಅರ್ಥವಾಯಿತು. ಇ.ಸಿ.ಯಲ್ಲಿ ಈಕೆಯ ಕರಾರು ಕಾಣುತ್ತಿರುವಷ್ಟು ದಿನ ಯಾವ ಬಿಲ್ಡರೂ ಆ ಮನೆಗೆ ಕೈ ಹಾಕುವುದಿಲ್ಲ. ಅದನ್ನು ತೆಗೆಸಬೇಕಾದರೆ ಈಕೆ ತಪ್ಪಿದಳು ಎಂದು ತೋರಿಸಬೇಕು.

“ಆದ್ರ ಅವ್ರ ಫೋನಿನಾಗ ಆವಣಿಗೆ ಅಂದಿದ್ರಲ್ರಿ. ನೀವ ಹೇಳಿದ್ರಿ.”

ನೋಂದಣಿಯಾದ ಕರಾರನ್ನು ಬಾಯಿ ಮಾತಿನಿಂದ ಬದಲಾಯಿಸಲು ಬರುವುದಿಲ್ಲ ಎಂದು ಆಕೆಗೆ ಹೇಳಬೇಕಾಯಿತು. ಫೋನಿನಲ್ಲಿ ಯಾರು ಏನು ಅಂದರು ಎಂಬುದನ್ನು ಕೋರ್ಟು ಸುಲಭಕ್ಕೆ ಕೇಳುವುದಿಲ್ಲ. ಪಟ್ಟಾ ತಡವಾದದ್ದು ಅವರಿಂದಲೇ, ಆ ವಾದ ನಮಗಿದೆ. ಆದರೆ ಪಟ್ಟಾ ಬಂದ ಮೇಲೂ ಮುಂದಕ್ಕೆ ಹಾಕೋಣ ಎಂದು ಮೊದಲು ಅಂದವಳು ಆಕೆ. ಕಾಗದ ಮಾಡಿಸದೆ ಇದ್ದವಳು ನಾನು.

“ತಪ್ಪು ನನ್ನದು” ಎಂದೆ. ಈ ಮಾತನ್ನು ಕಕ್ಷಿದಾರರ ಮುಂದೆ ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು.

ಆಕೆ ನೋಟಿಸನ್ನು ಮಡಿಸಿ ಮೇಜಿನ ಮೇಲಿಟ್ಟಳು. “ಅವತ್ತ ಚಿಂತಿ ಮಾಡಬ್ಯಾಡ್ರಿ ಅಂತ ಯಾಕ ಅಂದ್ರಿ?”

“ಹಾಗೆ ಹೇಳೋದು ಸುಲಭವಾಗಿತ್ತು. ಅದಕ್ಕೇ.”

ಆಕೆ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದೇನು ಎಂದು ಆ ಸಂಜೆ ಕೂತು ಯೋಚಿಸಿದೆ. ಕರಾರಿನಂತೆ ಮನೆಯನ್ನು ಬರೆದುಕೊಡಿ ಎಂದು ದಾವೆ ಹೂಡಬಹುದು. ಅಂಥ ದಾವೆಯಲ್ಲಿ ಕೊಳ್ಳುವವರು ಎರಡು ವಿಷಯ ಸಾಬೀತು ಮಾಡಬೇಕು: ತಾವು ಮೊದಲಿನಿಂದ ಕೊನೆಯವರೆಗೂ ಸಿದ್ಧರಿದ್ದೆವು, ಮತ್ತು ತಮಗೆ ಮನಸ್ಸಿತ್ತು. ಸಿದ್ಧತೆ ಎಂದರೆ ಕೈಯಲ್ಲಿ ದುಡ್ಡು. ಅದಕ್ಕೆ ಬ್ಯಾಂಕಿನ ಪತ್ರ ಸಾಕು. ಮನಸ್ಸಿತ್ತು ಎಂಬುದಕ್ಕೆ ನಡತೆಯೇ ಸಾಕ್ಷಿ. ಎದುರಿನ ವಕೀಲರು ಕಟಕಟೆಯಲ್ಲಿ ಕೇಳುವ ಮೊದಲ ಪ್ರಶ್ನೆ ನನಗೆ ಕೇಳಿಸುತ್ತಿತ್ತು: ತೊಂಬತ್ತನೆಯ ದಿನ ನೀವು ಹೋಗಿದ್ದಿರಾ? ನನ್ನ ಬದಲಿಗೆ ಬೇರೊಬ್ಬರು ಹೋಗಿದ್ದರು ಎಂಬ ಉತ್ತರ ಅಲ್ಲಿ ಸೊರಗುತ್ತದೆ. ಅಮಾವಾಸ್ಯೆ ಇತ್ತು ಎಂಬ ಉತ್ತರ ಪೂರ್ತಿ ಸೋಲುತ್ತದೆ.

ಹಾಗಾಗಿ ಒಂದು ಯೋಜನೆ ಮಾಡಿದೆ. ಆ ದಿನ ಆಕೆ ಕಚೇರಿಗೆ ಹೋಗಿ ಕೂರಬೇಕು. ಕಿಟಕಿಯಲ್ಲಿ ಯಾವುದಾದರೂ ಹಳೆಯ ಪತ್ರದ ನಕಲಿಗೆ ಅರ್ಜಿ ಹಾಕಿ, ದಿನ ಮತ್ತು ಗಂಟೆ ಅಚ್ಚಾದ ರಸೀದಿ ಪಡೆಯಬೇಕು. ಅಲ್ಲಿದ್ದೆವು ಎಂಬುದಕ್ಕೆ ಅದು ಸಾಕ್ಷಿ. ಯಜಮಾನರು ಹೇಗೂ ಬರುವುದಿಲ್ಲ. ಬಂದರೂ ಸಹಿ ಹಾಕಲು ಬರುವುದಿಲ್ಲ. ಆದ್ದರಿಂದ ಮುದ್ರಾಂಕ ಶುಲ್ಕ ಕಟ್ಟುವುದು ಬೇಡ, ಡಿಡಿ ಮಾಡಿಸುವುದು ಬೇಡ. ಬಿಡಿಸಿ ಹೇಳಿದರೆ, ನಾನು ಆ ದಿನವನ್ನು ದಾವೆಗೆ ಸಾಕ್ಷಿ ಕೂಡಿಸುವ ದಿನ ಎಂದು ತೀರ್ಮಾನಿಸಿದ್ದೆ.

ಮರುದಿನ ಕರೆಸಿ ಇದನ್ನು ಹೇಳಿದೆ. ಆಕೆ ಕೇಳಿಸಿಕೊಂಡು ಎದ್ದು ಹೋದಳು. ಎರಡು ದಿನ ಫೋನ್ ಎತ್ತಲಿಲ್ಲ. ನನ್ನ ಗುಮಾಸ್ತರು, ಇಪ್ಪತ್ತು ವರ್ಷದಿಂದ ನನ್ನ ಜೊತೆಗಿರುವ ತಮಿಳರು, ಆಯಮ್ಮ ಬೇರೆ ವಕೀಲರನ್ನು ಹುಡುಕಿಕೊಂಡಿರಬೇಕು ಎಂದರು. ಹುಡುಕಿಕೊಂಡಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಮೂರನೆಯ ದಿನ ಬಂದಳು. ಕುರ್ಚಿಯ ಮೇಲೆ ಕೂರುವ ಮೊದಲೇ ಶುರು ಮಾಡಿದಳು. “ನಾ ಬರ್ತೇನ್ರಿ. ಆದ್ರ ರಸೀದಿ ತರಾಕ ಬರಾಂಗಿಲ್ಲ.”

“ಮತ್ತೆ?”

“ಅಮಾಸಿ ದಿನ ಹೊಸ್ತಲಾ ದಾಟೂದಾದ್ರ ಮನಿ ತಗೊಳ್ಳಾಕ ದಾಟತೇನಿ. ಬರೇ ಕುಂತ ಎದ್ದ ಬರಾಕ ಅಂದ್ರ ನನಗ ಆಗೂದಿಲ್ರಿ. ದೇವರ ಮುಂದ ಏನಂತ ಹೇಳ್ಲಿ? ಎಲ್ಲಾ ಖರೇನ ತಯಾರ ಮಾಡ್ರಿ ಅಕ್ಕಾರ. ಡಿಡಿ, ಸ್ಟ್ಯಾಂಪು, ಎಲ್ಲಾ.”

ನನಗೆ ರೇಗಿತು. ಮುದ್ರಾಂಕ ಶುಲ್ಕ ಕಟ್ಟಿದ ಮೇಲೆ ನೋಂದಣಿಯಾಗದಿದ್ದರೆ ಅದನ್ನು ವಾಪಸು ಪಡೆಯುವುದು ಎಂಥ ಪಾಡು ಎಂದು ವಿವರಿಸಿದೆ. ಅರ್ಜಿ, ಕಡಿತ, ತಿಂಗಳುಗಟ್ಟಲೆ ಅಲೆದಾಟ. ಬಾರದವರಿಗಾಗಿ ಯಾಕೆ ಕಟ್ಟುತ್ತೀರಿ ಎಂದೆ.

“ಬರೂದಿಲ್ಲಂತ ನಿಮಗ ಹೆಂಗ ಗೊತ್ತ್ರಿ? ಅವ್ರೂ ನನಗ ಹಂಗ ಅಂದ್ಕೊಂಡಾರ, ಬರೂದಿಲ್ಲ ಅಂತ.”

ಆಕೆಯ ಹಟಕ್ಕೆ ಮಣಿದೆ. ಒಪ್ಪಿ ಅಲ್ಲ, ಸಾಲ ತೀರಿಸುವವಳ ಹಾಗೆ ಮಣಿದೆ. ನನ್ನ ತಪ್ಪಿನಿಂದ ಇಲ್ಲಿಗೆ ಬಂದವಳಿಗೆ ಇಷ್ಟಾದರೂ ಮಾಡಬೇಕಲ್ಲ ಎಂದುಕೊಂಡೆ.

ಉಳಿದದ್ದು ಐದು ದಿನ. ಕ್ರಯಪತ್ರದ ಕರಡು ಬರೆದೆ. ಈ ಸಲ ಮಾದರಿ ತೆಗೆಯಲಿಲ್ಲ. ಒಂದೊಂದು ಸಾಲನ್ನೂ ಹೊಸದಾಗಿ ಬರೆದು ಗುಮಾಸ್ತರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅದನ್ನು ಇಲಾಖೆಯ ಜಾಲತಾಣಕ್ಕೆ ಏರಿಸಿ, ಶುಲ್ಕ ಕಟ್ಟಿದೆವು. ಟೋಕನ್ ತೆಗೆಯಲು ಹೋದರೆ ಅಮಾವಾಸ್ಯೆಯ ಬೆಳಗಿನ ಟೋಕನ್ ಒಂದೂ ಉಳಿದಿರಲಿಲ್ಲ. ಆಡಿ ತಿಂಗಳಿಡೀ ಖಾಲಿ ಹೊಡೆಯುವ ಕಚೇರಿಯಲ್ಲಿ ಆ ಒಂದು ದಿನಕ್ಕೆ ಮಾತ್ರ ನೂಕುನುಗ್ಗಲು. ಮಧ್ಯಾಹ್ನ ಎರಡೂವರೆಗೆ ಒಂದು ಸಿಕ್ಕಿತು. ನೋಟಿಸಿನಲ್ಲಿ ಹನ್ನೊಂದು ಗಂಟೆ ಇತ್ತು. ಹನ್ನೊಂದಕ್ಕೆ ಮೊದಲೇ ಹೋಗಿ ಕೂರುವುದೆಂದು ನಿರ್ಧರಿಸಿದೆವು.

ಬ್ಯಾಂಕಿನವರು ಬೇರೆ ತಕರಾರು ತೆಗೆದರು. ಮೂಲಪತ್ರಗಳು ಕೈಗೆ ಬಾರದೆ ಡಿಡಿ ಕೊಡುವುದಿಲ್ಲ, ಮಾರುವವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ಅಧಿಕಾರಿಯನ್ನೂ ಕಳಿಸುವುದಿಲ್ಲ. ನಾನು ಮ್ಯಾನೇಜರ ಮುಂದೆ ಆ ನೋಟಿಸನ್ನೇ ಇಟ್ಟೆ. ಬರುತ್ತೇನೆ ಎಂದು ಅವರೇ ಬರೆದುಕೊಟ್ಟಿದ್ದಾರಲ್ಲ, ನಂಬದಿರಲು ನಿಮಗೇನು ಕಾರಣ ಎಂದೆ. ಸ್ವತಃ ನಂಬದವಳು ಇನ್ನೊಬ್ಬರನ್ನು ನಂಬಿಸಲು ಹೊರಟಿದ್ದೆ. ಮ್ಯಾನೇಜರು ಸ್ವಲ್ಪ ನಕ್ಕು, ಡಿಡಿ ಹಿಡಿದು ಒಬ್ಬ ಅಧಿಕಾರಿ ಬರುತ್ತಾರೆ, ಮೂಲಪತ್ರ ಕೈಗೆ ಬಂದರೆ ಮಾತ್ರ ಕೊಡುತ್ತಾರೆ ಎಂದರು.

ನೋಟಿಸಿಗೆ ಉತ್ತರ ಬರೆಯಬೇಕಿತ್ತು. ಆರು ಪುಟದ ಉತ್ತರ ತಲೆಯಲ್ಲಿ ಸಿದ್ಧವಾಗಿತ್ತು: ಪಟ್ಟಾ ತಡ, ಫೋನಿನ ಒಪ್ಪಿಗೆ, ಆಡಿಯ ಮಾತು, ದುರುದ್ದೇಶ. ಬರೆಯಲು ಕೂತಾಗ ಎರಡೇ ಸಾಲು ಬರೆದೆ. ತಾವು ಹೇಳಿದ ದಿನ, ಹೇಳಿದ ಹೊತ್ತಿಗೆ ನಮ್ಮ ಕಕ್ಷಿದಾರರು ಪೂರ್ಣ ಹಣದೊಂದಿಗೆ ಹಾಜರಿರುತ್ತಾರೆ. ದಯವಿಟ್ಟು ಮೂಲಪತ್ರಗಳೊಂದಿಗೆ ಬನ್ನಿ. ಅಂಚೆಗೆ ಹಾಕುವ ಮೊದಲು ಗುಮಾಸ್ತರು ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು.

ಅಮಾವಾಸ್ಯೆಯ ಬೆಳಿಗ್ಗೆ ಹತ್ತೂವರೆಗೆ ನಾವು ಕಚೇರಿಯಲ್ಲಿದ್ದೆವು. ಆಕೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಹಳೆಯದೊಂದು ಹಸಿರು ಸೀರೆ ಉಟ್ಟು ಬಂದಿದ್ದಳು. ಅಂಥ ದಿನ ಹೊಸದು ಉಡುವುದಿಲ್ಲವಂತೆ. ಜನ ತುಂಬಿದ್ದರು. ಬ್ಯಾಂಕಿನ ಅಧಿಕಾರಿ ಚೀಲವನ್ನು ಎದೆಗವಚಿಕೊಂಡು ಮೂಲೆಯ ಬೆಂಚಿನಲ್ಲಿ ಕೂತಿದ್ದರು. ನಾನು ಅಭ್ಯಾಸ ಬಿಡಲಾಗದೆ ಕಿಟಕಿಗೆ ಹೋಗಿ, ಯಾವುದೋ ನಕಲಿಗೆ ಅರ್ಜಿ ಹಾಕಿ ರಸೀದಿ ಪಡೆದೆ. ಆಕೆ ಅದನ್ನು ನೋಡಿಯೂ ನೋಡದವಳಂತೆ ಕೂತಿದ್ದಳು.

ಹನ್ನೊಂದಾಯಿತು. ಹನ್ನೊಂದೂವರೆಗೆ ಅಳಿಯ ಒಬ್ಬನೇ ಬಂದ. ಬಾಗಿಲಲ್ಲೇ ನಿಂತು ಫೋನ್ ಎತ್ತಿ ಬೆಂಚುಗಳ ಫೋಟೋ ತೆಗೆಯತೊಡಗಿದ. ನಾವು ಬಂದಿಲ್ಲ ಎಂಬುದಕ್ಕೆ ಸಾಕ್ಷಿ ಕೂಡಿಸುತ್ತಿದ್ದಾನೆ ಎಂದು ನನಗೆ ತಕ್ಷಣ ತಿಳಿಯಿತು. ನಾನು ಒಂದು ಗಂಟೆ ಮೊದಲು ಅದೇ ಕೆಲಸ ಮಾಡಿದ್ದೆನಲ್ಲ. ಫೋನ್ ಅತ್ತಿಂದಿತ್ತ ಹೊರಳಿ ಹಸಿರು ಸೀರೆಯ ಎದುರು ನಿಂತಿತು. ಅವನು ಅದನ್ನು ಕೆಳಗಿಳಿಸಿ, ಸರಸರನೆ ಹೊರಗೆ ಹೋದ. ಮಾವನಿಗೆ ಬರಬೇಡಿ ಎಂದು ಹೇಳಲು ಹೋದ ಎಂದುಕೊಂಡೆ. ಆಕೆಯ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.

ಹನ್ನೆರಡು ದಾಟಿದ ಮೇಲೆ ಯಜಮಾನರು ಬಂದರು. ಬೆಳಿಗ್ಗೆ ಕಡಲ ದಡದಲ್ಲಿ ತರ್ಪಣ ಬಿಟ್ಟು ಎಣ್ಣೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಪಂಚೆಯ ಅಂಚು ಇನ್ನೂ ಒದ್ದೆ, ಹೆಗಲಿನಲ್ಲಿ ಒಂದು ಹಳದಿ ಬಟ್ಟೆಯ ಚೀಲ. ಅಳಿಯ ಹಿಂದೆಯೇ ಏನೋ ಹೇಳುತ್ತ ಬರುತ್ತಿದ್ದ. ಅವರು ಕೇಳಿಸಿಕೊಳ್ಳುತ್ತಿದ್ದ ಹಾಗೆ ಕಾಣಲಿಲ್ಲ. ನೇರ ಬಂದು ಆಕೆಯ ಮುಂದೆ ನಿಂತರು.

“ಇನ್ನಿಕ್ಕಿ ಉಂಗಳುಕ್ಕು ಆಗಾದೇಮ್ಮಾ” ಎಂದರು. ಇವತ್ತು ನಿಮ್ಮವರಿಗೆ ಆಗದ ದಿನವಲ್ಲವೇ, ಎಂದು.

ಆಕೆ ಎದ್ದು ನಿಂತಳು. “ತೇದಿ ಪೋಟ್ಟು ಕೂಪ್ಟೀಂಗಳೇ ಅಯ್ಯಾ. ವಂದುಟ್ಟೇನ್.” ದಿನ ಬರೆದು ಕರೆದಿದ್ದೀರಲ್ಲ, ಬಂದೆ.

ಅಳಿಯ ಮುಂದೆ ಬಂದು, ಮೂಲಪತ್ರಗಳು ಮನೆಯಲ್ಲಿವೆ, ಇವತ್ತು ಏನೂ ಆಗುವುದಿಲ್ಲ ಎಂದು ನನಗೆ ತಮಿಳಿನಲ್ಲಿ ಹೇಳಿದ. ಯಜಮಾನರು ಬೆಂಚಿನ ತುದಿಯಲ್ಲಿ ಕೂತು, ಹಳದಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಕಟ್ಟನ್ನು ತೆಗೆದರು. ತಾಯಿಯ ಹೆಸರಿನ ಹಳೆಯ ಕ್ರಯಪತ್ರ, ಹೊಸ ಪಟ್ಟಾ, ತೆರಿಗೆಯ ರಸೀದಿಗಳು, ಎಲ್ಲ ಅದರಲ್ಲಿದ್ದವು.

ಅಳಿಯನ ಮುಖ ನೋಡುವಂತಿತ್ತು. “ಎಡುತ್ತುಟ್ಟು ವಂದೀಂಗಳಾ ಮಾಮಾ?” ತಂದುಬಿಟ್ಟಿರಾ ಎಂದು ಕೇಳಿದ.

ಯಜಮಾನರು ನನ್ನ ಕಡೆ ತಿರುಗಿದರು. ತಮಿಳಿನಲ್ಲಿ ನಿಧಾನವಾಗಿ ಹೇಳಿದ್ದರ ಸಾರ ಇಷ್ಟು. ಮಗಳ ಕಡೆಯಿಂದ ಬಹಳ ಒತ್ತಾಯವಿತ್ತು. ನೋಟಿಸಿಗೆ ಸಹಿ ಹಾಕಿದ್ದು ತಾವೇ, ಗೊತ್ತಿದ್ದೇ ಹಾಕಿದ್ದು. ಈ ಹೆಂಗಸು ಅಮಾವಾಸ್ಯೆಗೆ ಬರುವುದಿಲ್ಲ ಎಂದು ಅವರಿಗೂ ಅನ್ನಿಸಿತ್ತು. ಬಾರದಿದ್ದರೆ ದೇವರು ಮಗಳಿಗೆ ಕೊಡು ಅಂದ ಹಾಗೆ, ಬಂದರೆ ಕೊಟ್ಟ ಮಾತಿನಂತೆ ಇವಳಿಗೆ. ಹಾಗೆಂದುಕೊಂಡು ಪತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದರು.

ನನಗೆ ಅವರ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಒಂಬತ್ತು ಹೆಂಗಸರ ಕೆಲಸವನ್ನು, ಇಪ್ಪತ್ತೆರಡು ವರ್ಷದ ಬಾಳ್ವೆಯನ್ನು ಒಂದು ತಿಥಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವುದು ಯಾವ ನ್ಯಾಯ? ಕೇಳಬೇಕೆಂದು ಬಾಯಿಗೆ ಬಂತು. ಆಕೆ ನನ್ನ ಮೊಣಕೈ ಮುಟ್ಟಿ ತಡೆದಳು. “ಇರಲಿ ಬಿಡ್ರಿ ಅಕ್ಕಾರ. ತಂದಾರಲ್ಲ.”

ಆಗ ನನಗೆ ಹೊಳೆಯಿತು. ನಾವು ನನ್ನ ಯೋಜನೆಯಂತೆ ಬಂದಿದ್ದರೆ ಈ ಹಿರಿಯರು ಮೂಲಪತ್ರ ಹಿಡಿದು ಬಂದು ನಿಂತಿರುತ್ತಿದ್ದರು. ನಮ್ಮ ಹತ್ತಿರ ಕ್ರಯಪತ್ರ ಇರುತ್ತಿರಲಿಲ್ಲ, ಡಿಡಿ ಇರುತ್ತಿರಲಿಲ್ಲ, ಟೋಕನ್ ಇರುತ್ತಿರಲಿಲ್ಲ. ನಾವು ಸಿದ್ಧರಿರಲಿಲ್ಲ ಎಂದು ಆಗ ಬೇರೆ ಯಾರೂ ಸಾಬೀತು ಮಾಡಬೇಕಾಗಿರಲಿಲ್ಲ.

ಎರಡೂವರೆಯವರೆಗೆ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತೆವು. ಅಳಿಯ ಹೊರಟುಹೋಗಿದ್ದ. ಯಜಮಾನರು ಮನೆಗೆ ಹೋಗಿ ಕಾಗೆಗೆ ಅನ್ನ ಇಡುವ ತನಕ ಊಟ ಮಾಡುವಂತಿರಲಿಲ್ಲ. ಆಕೆಯೂ ಏನೂ ತಿಂದಿರಲಿಲ್ಲ. ಬ್ಯಾಂಕಿನ ಅಧಿಕಾರಿ ಮೂಲಪತ್ರಗಳನ್ನು ಒಂದೊಂದಾಗಿ ಪಟ್ಟಿಗೆ ಹೋಲಿಸಿ ನೋಡಿದರು. ನಾನು ಯಜಮಾನರಿಗೆ ಕ್ರಯಪತ್ರವನ್ನು ತಮಿಳಿನಲ್ಲಿ, ಆಕೆಗೆ ಕನ್ನಡದಲ್ಲಿ, ಒಂದು ಸಾಲೂ ಬಿಡದೆ ಓದಿ ಹೇಳಿದೆ. ಯಾವ ಸಾಲಿಗೂ ‘ಚಿಂತೆ ಮಾಡಬೇಡಿ’ ಎನ್ನಲಿಲ್ಲ.

ಟೋಕನ್ ಕರೆದರು. ಯಜಮಾನರ ಫೋಟೋ ತೆಗೆದು ಬೆರಳಚ್ಚು ಪಡೆದರು. ಆಕೆಯ ಸರದಿ ಬಂದಾಗ ಯಂತ್ರ ಒಪ್ಪಲಿಲ್ಲ. ಬಲಗೈ ಹೆಬ್ಬೆರಳು, ತೋರುಬೆರಳು, ಎರಡೂ ಸೂಜಿ ಚುಚ್ಚಿ ಚುಚ್ಚಿ ಗೆರೆ ಸವೆದುಹೋಗಿದ್ದವು. ಸೆರಗಿನಲ್ಲಿ ಒರೆಸಿ ನಾಲ್ಕು ಸಲ ಒತ್ತಿದಳು. ಹಿಂದಿನವರು ಗೊಣಗತೊಡಗಿದರು. ಅಮಾವಾಸ್ಯೆ ಎಂದು ಆಕೆ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಕಣ್ಣಿನಲ್ಲಿ ನೀರು ತುಂಬಿತು. ಯಜಮಾನರು ಮುಂದೆ ಬಂದು, ಕಿರುಬೆರಳು ಇಡಮ್ಮ, ಅದಕ್ಕೆ ಸೂಜಿಯ ಕೆಲಸ ಇರುವುದಿಲ್ಲ ಎಂದರು. ಕಿರುಬೆರಳಿಗೆ ಯಂತ್ರ ಹಸಿರು ದೀಪ ತೋರಿಸಿತು.

ಹೊರಗೆ ಬಂದಾಗ ನಾಲ್ಕು ಗಂಟೆ. ಯಜಮಾನರು ಖಾಲಿ ಹಳದಿ ಚೀಲವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಆಕೆ ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಿದ್ದಳು.

“ಕೆಲಸಾ ಶುರು ಮಾಡ್ತೀರಾ ಇವತ್ತೇ?” ಎಂದು ಕೇಳಿದೆ. ಏನಾದರೂ ಹೇಳಬೇಕಲ್ಲ ಎಂದು ಕೇಳಿದ್ದು.

“ಛೇ, ಇವತ್ತ ಅಮಾಸಿ ಅಲ್ಲೇನ್ರಿ” ಎಂದಳು. “ನಾಳಿ ಶ್ರಾವಣ. ನಾಳಿ ಕತ್ರಿ ಹಿಡಿತೇನಿ.”

ಕಚೇರಿಗೆ ಹಿಂತಿರುಗಿ ಕಂಪ್ಯೂಟರ್ ತೆರೆದು, ಮಾದರಿ ಕರಾರಿನ ಏಳನೆಯ ಕಲಮಿನಿಂದ ‘ತೊಂಬತ್ತು’ ಅಳಿಸಿ ಅಲ್ಲಿ ಗೆರೆ ಎಳೆದೆ. ಈಗ ಆ ಜಾಗ ತುಂಬುವ ಮೊದಲು ಎದುರಿಗೆ ಕೂತವರನ್ನೆಲ್ಲ ಕೇಳುತ್ತೇನೆ: ನೀವು ಯಾವ ದಿನ ಸಹಿ ಹಾಕುವುದಿಲ್ಲ? ಕೆಲವರು ನಗುತ್ತಾರೆ. ಎಲ್ಲರ ಹತ್ತಿರವೂ ಉತ್ತರ ಇರುತ್ತದೆ.

ಆ ಬೆಳಿಗ್ಗೆ ಕಿಟಕಿಯಲ್ಲಿ ಪಡೆದ ರಸೀದಿ ಯಾವ ಕೋರ್ಟಿಗೂ ಹೋಗಲಿಲ್ಲ. ಯಾವ ಪತ್ರದ ನಕಲು ಕೇಳಿದ್ದೆನೆಂಬುದೂ ಮರೆತಿದೆ. ಆಕೆ ಮನೆ ಕೊಳ್ಳಲು ಹೋಗಿದ್ದಳು, ಕೊಂಡು ಬಂದಳು. ನಾನು ರಸೀದಿಗೆ ಹೋಗಿದ್ದೆ. ಅದು ಇನ್ನೂ ನನ್ನ ಡ್ರಾಯರಿನಲ್ಲೇ ಇದೆ.